ಗಲ್ಲಾದ ಮುಂದೆ ಮುಗಿಯುವ ಮೊಕದ್ದಮೆಗಳು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ನ್ಯಾಯಾಲಯಗಳಲ್ಲಿ ಅಂಗಡಿ ಕಳವಿನ ಕೇಸುಗಳು ಏರುತ್ತಿವೆಯೋ ಇಳಿಯುತ್ತಿವೆಯೋ ಎಂದು ಕೇಳಿದರೆ ವಕೀಲರ ಸಂಘದ ಹಿರಿಯರೂ ಠಾಣೆಯ ರೈಟರೂ ತಂತಮ್ಮ ಅಂದಾಜು ಹೇಳಬಲ್ಲರು, ಲೆಕ್ಕ ತೋರಿಸಲಾರರು. ಅಂಥದೊಂದು ಲೆಕ್ಕಕ್ಕೆ ಖಾನೆಯೇ ಇಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ತನ್ನ ವಾರ್ಷಿಕ ವರದಿಯಲ್ಲಿ ಕಳವನ್ನು ವಾಹನ ಕಳವು, ಇತರೆ ಕಳವು ಎಂದು ಎರಡು ಮಾಡುತ್ತದೆ. ಹೊಲದ ಪಂಪ್‌ಸೆಟ್ಟು, ಬಸ್ ನಿಲ್ದಾಣದಲ್ಲಿ ಹೋದ ಮೊಬೈಲು, ಬಟ್ಟೆ ಅಂಗಡಿಯ ಸೀರೆ ಎಲ್ಲವೂ ಆ ಎರಡನೆಯ ರಾಶಿಯಲ್ಲಿ ಬೀಳುತ್ತವೆ. ಇ-ಕೋರ್ಟ್ಸ್ ಜಾಲತಾಣದಲ್ಲಿ ಕಾಯ್ದೆ ಮತ್ತು ಕಲಂ ಕೊಟ್ಟು ಹುಡುಕಬಹುದು. ಆದರೆ ಕಲಂ ಎನ್ನುವುದು ಕದ್ದವನ ಬಗ್ಗೆ ಹೇಳುವುದಕ್ಕಿಂತ ಎಫ್‌ಐಆರ್ ಬರೆದವರ ತೀರ್ಮಾನದ ಬಗ್ಗೆ ಹೆಚ್ಚು ಹೇಳುತ್ತದೆ.

ಹಾಗಾಗಿ ಈ ಕಡತಗಳನ್ನು ಬೇರೆ ರೀತಿಯಲ್ಲಿ ಓದಬೇಕು ಎಂಬುದು ನನ್ನ ವಾದ. ನಮ್ಮ ತಾಲ್ಲೂಕುಗಳಲ್ಲಿ ಅಂಗಡಿಯಿಂದ ಯಾರು ಕದಿಯುತ್ತಾರೆ, ಎಷ್ಟು ಕದಿಯುತ್ತಾರೆ ಎಂಬುದು ಅವುಗಳಿಂದ ಗೊತ್ತಾಗುವುದಿಲ್ಲ. ಕದ್ದವರಲ್ಲಿ ಯಾರನ್ನು ನಾವು ನ್ಯಾಯಾಲಯದ ತನಕ ಎಳೆಯುತ್ತೇವೆ, ಯಾರನ್ನು ಗಲ್ಲಾದ ಮುಂದೆಯೇ ಮುಗಿಸಿ ಕಳಿಸುತ್ತೇವೆ ಎಂಬುದು ಮಾತ್ರ ಗೊತ್ತಾಗುತ್ತದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮ ಎಂಬ ಹೊಸ ಕಾನೂನುಗಳು ಈ ಜರಡಿಯ ಕಣ್ಣನ್ನು ಇನ್ನಷ್ಟು ವಕ್ರ ಮಾಡಿವೆ.

ಮೊದಲು ಅಂಗಡಿಯ ಮಾತು. ಹಳೆಯ ಕಿರಾಣಿ ಅಂಗಡಿಯಲ್ಲಿ ಗಿರಾಕಿಯ ಕೈ ಮಾಲಿಗೆ ತಾಗುತ್ತಲೇ ಇರಲಿಲ್ಲ. ಕಟ್ಟೆಯ ಈಚೆ ನಿಂತು ಬೇಕಾದ್ದು ಹೇಳಬೇಕು, ಸಾವಕಾರ ತೂಗಿ ಪೊಟ್ಟಣ ಕಟ್ಟಿ ಕೊಡಬೇಕು. ಎತ್ತಿಕೊಳ್ಳಬೇಕೆಂದರೂ ಕೈಗೆ ಸಿಗುತ್ತಿದ್ದದ್ದು ಬಾಗಿಲ ಬಳಿಯ ಬೆಲ್ಲದ ಪೆಂಟಿ, ಇಲ್ಲವೇ ನಾಲ್ಕು ಉಳ್ಳಾಗಡ್ಡಿ. ಕೈಯಲ್ಲಿ ದುಡ್ಡಿಲ್ಲದ ದಿನಕ್ಕೆ ಬೇರೆ ದಾರಿಯೂ ಇತ್ತು: ಉದ್ರಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿಯಲ್ಲಿ ಭತ್ತ ಮಾರಿದ ಮೇಲೆ ಕೊಡುವ ಉದ್ರಿ, ಮಳೆ ನಂಬಿದ ಕುಷ್ಟಗಿ, ಯಲಬುರ್ಗಾ ಕಡೆ ಗುಳೆ ಹೋದವರು ಬೆಂಗಳೂರಿನಿಂದಲೋ ಗೋವಾದಿಂದಲೋ ಬಂದ ಮೇಲೆ ತೀರಿಸುವ ಉದ್ರಿ. ತೀರದ ಉದ್ರಿಯೂ ಬೇಕಾದಷ್ಟಿತ್ತು. ಅದಕ್ಕೆ ಯಾರೂ ಕಳವು ಎನ್ನಲಿಲ್ಲ, ಖಾತೆ ಪುಸ್ತಕದಲ್ಲಿ ಅದು ಬಾಕಿಯಾಗಿಯೇ ಉಳಿಯಿತು.

ಈಗ ಅದೇ ಊರುಗಳಲ್ಲಿ ಬುಟ್ಟಿ ಹಿಡಿದು ಸಾಲು ಸಾಲು ಕಪಾಟಿನ ನಡುವೆ ಓಡಾಡುವ ಮಾರ್ಟುಗಳು ಬಂದಿವೆ. ಮಾಲು ಕೈಗೆ ಸಿಗುತ್ತದೆ, ಉದ್ರಿ ಸಿಗುವುದಿಲ್ಲ. ತಲೆಯ ಮೇಲೆ ಕ್ಯಾಮೆರಾ ಇದೆ, ಎದುರಿಗೆ ಮುಖ ಪರಿಚಯದ ಸಾವಕಾರ ಇಲ್ಲ. ಬಡತನ ಹೆಚ್ಚಿದ್ದರಿಂದಲೇ ಅಂಗಡಿ ಕಳವು ಹೆಚ್ಚಿತು ಎನ್ನುವವರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಬಡತನ ಮೊದಲೂ ಇತ್ತು. ಬದಲಾದದ್ದು ಅಂಗಡಿಯ ಒಳಾಂಗಣ ಮತ್ತು ಹಳೆಯ ಲೆಕ್ಕಾಚಾರದ ಸಂಬಂಧ. ಬೈಕು ನಿಲ್ಲಿಸಿ ಒಳಗೆ ಬರುವ ಕಾಲೇಜು ಹುಡುಗರು ಡಿಯೊಡರೆಂಟ್ ಡಬ್ಬಿ ಜೇಬಿಗಿಳಿಸುವುದಕ್ಕೂ ಹಸಿವಿಗೂ ಏನು ಸಂಬಂಧ?

ಸಿಕ್ಕಿಬಿದ್ದ ಮೇಲೆ ನಡೆಯುವುದು ಮಾತ್ರ ಬಹುತೇಕ ಕಡೆ ಒಂದೇ ಬಗೆ. ಮದುವೆ ಕಾಲದ ಒಂದು ಸಂಜೆ, ಬಿಲ್ಲಿಂಗ್ ಕೌಂಟರಿನಲ್ಲಿ ಸಾಲು. ನಲವತ್ತರ ಹೆಂಗಸೊಬ್ಬಳು ಸಕ್ಕರೆ, ರವೆಗೆ ದುಡ್ಡು ಕಟ್ಟಿ ಬಾಗಿಲು ದಾಟುವಾಗ ಹುಡುಗ ಅಡ್ಡ ನಿಲ್ಲುತ್ತಾನೆ.

“ಯಕ್ಕಾ, ಆ ಚೀಲ ಒಂದೀಟು ತೋರಸ್ರಿ.”

“ಯಾಕಪಾ, ಬಿಲ್ಲು ಕಟ್ಟೀನಲ್ಲ?”

“ಕಟ್ಟೀರಿ. ಎಣ್ಣಿ ಬಾಟ್ಲಿದು ಕಟ್ಟಿಲ್ರಿ.”

ಚೀಲದ ತಳದಿಂದ ಕೊಬ್ಬರಿ ಎಣ್ಣೆ, ಒಂದು ತುಪ್ಪದ ಪ್ಯಾಕೆಟ್, ಮುಖಕ್ಕೆ ಹಚ್ಚುವ ಕ್ರೀಮು ಹೊರಬರುತ್ತವೆ. ಆರು ನೂರರ ಮಾಲು. ಮ್ಯಾನೇಜರು ಕ್ಯಾಮೆರಾ ಹಿಂದಕ್ಕೆ ಓಡಿಸಿ ತೋರಿಸುತ್ತಾನೆ. ಯಾರೋ ಮೊಬೈಲಿನಲ್ಲಿ ಆಕೆಯ ಮುಖ ಹಿಡಿಯುತ್ತಾರೆ. ಆಗ ಬರುವ ಮೊದಲ ಪ್ರಶ್ನೆ ಏನನ್ನು ಕದ್ದೆ ಎಂಬುದಲ್ಲ, “ಯಾವ ಊರು? ಯಾರ ಪೈಕಿ?” ಮುಂದಿನದೆಲ್ಲ ಈ ಪ್ರಶ್ನೆಯ ಉತ್ತರದ ಮೇಲೆ ನಿಂತಿದೆ. ಊರಲ್ಲಿ ನಾಲ್ಕು ಜನ ಬಲ್ಲ ಮನೆತನವಾದರೆ ಫೋನ್ ಹೋಗುತ್ತದೆ, ಅಣ್ಣನೋ ಮೈದುನನೋ ತಲೆ ತಗ್ಗಿಸಿ ಬಂದು ದುಡ್ಡು ಕಟ್ಟುತ್ತಾನೆ, “ಆತು ಬಿಡ್ರಿ, ಮನಿ ಮರ್ಯಾದಿ ಪ್ರಶ್ನೆ” ಎಂದು ಮಾತು ಮುಗಿಯುತ್ತದೆ. ಹೇಳಿಕೊಳ್ಳಲು ಯಾರೂ ಇಲ್ಲದವಳಾದರೆ ಹತ್ತು ಪಟ್ಟು ದಂಡ, ಏಟು, ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಕಳ್ಳಿ ಇದ್ದಾಳೆ ಎಚ್ಚರಿಕೆ’ ಎಂಬ ಫೋಟೊ, ಅಥವಾ ಪೊಲೀಸು. ಕೃತ್ಯ ಒಂದೇ, ಮೊತ್ತ ಒಂದೇ. ನ್ಯಾಯಾಲಯದ ಕಡತಕ್ಕೆ ಹೋಗುವವಳು ಎರಡನೆಯವಳು.

ಇದು ಬೆಂಗಳೂರಿನಂಥ ದೊಡ್ಡ ಊರಿಗೂ ಸಲ್ಲುತ್ತದೆ. 2025ರ ಸೆಪ್ಟೆಂಬರಿನಲ್ಲಿ ಅಲ್ಲಿನ ಅವೆನ್ಯೂ ರಸ್ತೆಯ ಅಂಗಡಿಯಿಂದ ಸೀರೆ ಕದ್ದ ಆರೋಪ ಹೊತ್ತ, ಗುಂತಕಲ್ ಕಡೆಯ ಮಹಿಳೆಯೊಬ್ಬರನ್ನು ನಡುಬೀದಿಯಲ್ಲಿ ಕೆಡವಿ ಒದ್ದ ವಿಡಿಯೊ ರಾಜ್ಯವೆಲ್ಲ ನೋಡಿತು. ಆಕೆ ಜೈಲಿಗೆ ಹೋದದ್ದು ಮೊದಲು, ಒದ್ದವರ ಬಂಧನವಾದದ್ದು ವಿಡಿಯೊ ಹರಡಿದ ಮೇಲೆ. ಕಳವು ಆಗಿದ್ದರೆ ಅದು ಅಪರಾಧ, ಅನುಮಾನವಿಲ್ಲ. ಆದರೆ ಕ್ಯಾಮೆರಾದ ಕಣ್ಣು ಬೀದಿಗೆ ತಿರುಗಿರದಿದ್ದರೆ ಎರಡನೆಯ ಅಪರಾಧ ಯಾವ ಠಾಣೆಯ ಪುಸ್ತಕದಲ್ಲೂ ಬರೆಯಲ್ಪಡುತ್ತಿರಲಿಲ್ಲ.

ಅಂಗಡಿಯವರ ಪಾಡನ್ನು ಮರೆತು ಮಾತಾಡುವುದು ಸುಲಭ. ನೂರು ರೂಪಾಯಿ ವ್ಯಾಪಾರದಲ್ಲಿ ಐದು ರೂಪಾಯಿ ಉಳಿಯುವ ಅಂಗಡಿ ಎಂದಿಟ್ಟುಕೊಳ್ಳಿ. ಆರು ನೂರು ರೂಪಾಯಿಯ ಮಾಲು ಹೋದರೆ ಅದನ್ನು ತುಂಬಿಕೊಳ್ಳಲು ಹನ್ನೆರಡು ಸಾವಿರದ ವ್ಯಾಪಾರ ಆಗಬೇಕು. ಸಂಜೆ ಲೆಕ್ಕದಲ್ಲಿ ಕೊರತೆ ಬಂದರೆ ಕೆಲವು ಕಡೆ ಅದನ್ನು ಕೆಲಸದ ಹುಡುಗಿಯರ ಸಂಬಳದಲ್ಲಿ ಮುರಿಯುತ್ತಾರೆ. ಹಾಗಿದ್ದೂ ದೂರು ಕೊಡಲು ಇವರು ಹಿಂಜರಿಯುವುದಕ್ಕೆ ಕಾರಣ ದಯೆಯಷ್ಟೇ ಅಲ್ಲ. ದೂರು ಕೊಟ್ಟರೆ ಕದ್ದ ಮಾಲು ‘ಮುದ್ದೆಮಾಲು’ ಆಗುತ್ತದೆ. ಪಂಚನಾಮೆ ಆಗಿ, ಬಟ್ಟೆಯಲ್ಲಿ ಹೊಲಿದು, ಅರಗಿನ ಮುದ್ರೆ ಒತ್ತಿ, ಅಪರಾಧ ಸಂಖ್ಯೆಯ ಚೀಟಿ ಅಂಟಿಸಿದ ಸೀರೆ ಮದುವೆ ಹಂಗಾಮು ಮುಗಿಯುವ ತನಕ ಠಾಣೆಯ ಕೋಣೆಯಲ್ಲಿ ಕೂತರೆ ಅದನ್ನು ಆಮೇಲೆ ಕೊಳ್ಳುವವರು ಯಾರು? ಇಂಥ ವಸ್ತುಗಳನ್ನು ಕೊಳೆಹಾಕಬೇಡಿ, ಫೋಟೊ ಮತ್ತು ಪಂಚನಾಮೆ ಇಟ್ಟುಕೊಂಡು ಬೇಗ ಹಿಂದಿರುಗಿಸಿ ಎಂದು ಸುಪ್ರೀಂ ಕೋರ್ಟ್ ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದ್ದು 2002ರಲ್ಲಿ. ಈಗ ನಾಗರಿಕ ಸುರಕ್ಷಾ ಸಂಹಿತೆಯ 497ನೇ ಕಲಂ ವಸ್ತುಗಳ ವಿವರಪಟ್ಟಿ 14 ದಿನದಲ್ಲಿ, ವಿಲೇವಾರಿ ಆದೇಶ ಅದರ ನಂತರ 30 ದಿನದಲ್ಲಿ ಆಗಬೇಕೆನ್ನುತ್ತದೆ. ಕಾನೂನು ಇಷ್ಟು ಸರಿಯಾಗಿದೆ ಎಂದು ಕೊಪ್ಪಳದ ಜವಾಹರ ರಸ್ತೆಯ ವ್ಯಾಪಾರಿಗೆ ಯಾರಾದರೂ ಹೇಳಬೇಕು.

ಇನ್ನು ಸಾಕ್ಷ್ಯ. ಕ್ಯಾಮೆರಾದ ದೃಶ್ಯ ನ್ಯಾಯಾಲಯದಲ್ಲಿ ನಿಲ್ಲಬೇಕಾದರೆ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು: ಅದನ್ನು ಹಾಜರುಪಡಿಸುವವರದು ಒಂದು ಭಾಗ, ತಜ್ಞರದು ಇನ್ನೊಂದು. ಸಣ್ಣ ಅಂಗಡಿಯ ಡಿವಿಆರ್ ಕೆಲವೇ ವಾರಗಳಲ್ಲಿ ತನ್ನ ಹಳೆಯ ದೃಶ್ಯದ ಮೇಲೆ ಹೊಸದನ್ನು ಬರೆದುಕೊಳ್ಳುತ್ತದೆ. ಸಾಕ್ಷಿ ಹೇಳಬೇಕಾದ ಹುಡುಗ ಅಷ್ಟರಲ್ಲಿ ಹೊಸಪೇಟೆಯಲ್ಲೋ ಹುಬ್ಬಳ್ಳಿಯಲ್ಲೋ ಬೇರೆ ಕೆಲಸಕ್ಕೆ ಸೇರಿರುತ್ತಾನೆ. ತಾರೀಖಿಗೆ ಅಂಗಡಿ ಮುಚ್ಚಿ ಹೋಗಬೇಕಾದವರು ಮಾಲೀಕರೇ. ಈ ಲೆಕ್ಕ ಹಾಕಿದ ವ್ಯಾಪಾರಿಗೆ ಕಪಾಳಕ್ಕೊಂದು ಕೊಟ್ಟು ಕಳಿಸುವುದು ಅಗ್ಗ ಎನಿಸಿದರೆ ಆಶ್ಚರ್ಯವಿಲ್ಲ. ಅಗ್ಗ ಹೌದು, ಕಾನೂನುಬದ್ಧ ಅಲ್ಲ.

ಇಲ್ಲಿಗೆ ಹೊಸ ಸಂಹಿತೆಯ ವಿಷಯ ಬರುತ್ತದೆ. ಹಳೆಯ ಭಾರತೀಯ ದಂಡ ಸಂಹಿತೆಯ 379ರ ಜಾಗದಲ್ಲಿ ಬಂದ ನ್ಯಾಯ ಸಂಹಿತೆಯ 303(2)ನೇ ಕಲಂ ಮೊದಲ ನೋಟಕ್ಕೆ ಮಾನವೀಯವಾಗಿ ಕಾಣುತ್ತದೆ. ಕದ್ದ ವಸ್ತುವಿನ ಬೆಲೆ ಐದು ಸಾವಿರಕ್ಕಿಂತ ಕಡಿಮೆ, ಆರೋಪಿಗೆ ಇದು ಮೊದಲ ಶಿಕ್ಷೆ, ವಸ್ತುವನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿಯಾಗಿದೆ ಎಂದಾದರೆ ಜೈಲಿಲ್ಲ, ಸಮುದಾಯ ಸೇವೆ. ದೇಶದ ಮೂಲ ದಂಡ ಕಾನೂನಿನೊಳಗೆ ಇಂಥ ಶಿಕ್ಷೆ ಸೇರಿದ್ದು ಇದೇ ಮೊದಲು. ಮೆಚ್ಚಬೇಕಾದ್ದೇ.

ಆದರೆ ಅಂಗಡಿಯ ಒಳಗೆ ಕಾಲಿಟ್ಟ ಕೂಡಲೇ ಈ ಕರುಣೆ ಜಾರಿಹೋಗುತ್ತದೆ. ಹಳೆಯ 380ನೇ ಕಲಂ ಈಗ 305 ಆಗಿದೆ: ವಾಸಕ್ಕೆ ಅಥವಾ ಸ್ವತ್ತನ್ನು ಇಡಲು ಬಳಸುವ ಕಟ್ಟಡ, ಡೇರೆ, ನೌಕೆಯಿಂದ ಕದ್ದರೆ ಏಳು ವರ್ಷದವರೆಗೆ ಜೈಲು ಮತ್ತು ದಂಡ. ಅಂಗಡಿ ಎಂದರೆ ಸ್ವತ್ತನ್ನು ಇಡಲು ಬಳಸುವ ಕಟ್ಟಡವೇ ತಾನೆ? ಐದು ಸಾವಿರದ ವಿನಾಯಿತಿ 303ರಲ್ಲಿದೆ, 305ರಲ್ಲಿ ಇಲ್ಲ. 305 ಜಾಮೀನುರಹಿತ, ರಾಜಿಯಾಗದ ಅಪರಾಧ. 303ರ ಕಳವನ್ನು ಮಾಲಿನ ಒಡೆಯ ರಾಜಿ ಮಾಡಿಕೊಳ್ಳಬಹುದು. ರಾಜಿಯಾಗದ್ದನ್ನು ಲೋಕ ಅದಾಲತ್ ಕೂಡ ಇತ್ಯರ್ಥ ಮಾಡುವಂತಿಲ್ಲ.

ಇದರ ಫಲಿತಾಂಶ ವಿಚಿತ್ರ. ಸಂತೆಯಲ್ಲಿ ಬಯಲಿಗೆ ಹಾಸಿದ ಗೋಣಿಚೀಲದ ಮೇಲಿಂದ ಒಂದು ಸ್ಟೀಲ್ ಡಬ್ಬಿ ಎತ್ತಿಕೊಂಡವನಿಗೆ 303. ಅದೇ ಡಬ್ಬಿಯನ್ನು ಪಕ್ಕದ ಪಾತ್ರೆ ಅಂಗಡಿಯಿಂದ ಎತ್ತಿಕೊಂಡರೆ 305. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ತಾಡಪತ್ರಿ ಕಟ್ಟಿದ ಅಂಗಡಿಯಿಂದ ಬಳೆ ಎತ್ತಿಕೊಂಡ ಹುಡುಗಿಯದು ಯಾವ ಕಲಂ? ತಾಡಪತ್ರಿ ಡೇರೆಯೋ ಅಲ್ಲವೋ ಎಂದು ವಕೀಲರು ವಾದಿಸಬೇಕಾದೀತು. ನಗಬೇಡಿ, ಒಂದು ಕಡೆ ಸಮುದಾಯ ಸೇವೆ, ಇನ್ನೊಂದು ಕಡೆ ಏಳು ವರ್ಷದ ಗರಿಷ್ಠ ಶಿಕ್ಷೆ ನಿಂತಿವೆ.

ಹಾಗಾದರೆ 303 ಹಾಕಿದರೆ ಎಲ್ಲ ಸರಿಹೋಯಿತೇ? ಅದೂ ಇಲ್ಲ. ನಾಗರಿಕ ಸುರಕ್ಷಾ ಸಂಹಿತೆಯ ಮೊದಲ ಅನುಸೂಚಿ ಐದು ಸಾವಿರಕ್ಕಿಂತ ಕಡಿಮೆಯ ಕಳವನ್ನು ಅಸಂಜ್ಞೇಯ ಎಂದು ಬರೆದಿದೆ. ಅಂದರೆ ಪೊಲೀಸರು ಅಸಂಜ್ಞೇಯ ದೂರುಗಳ ಎನ್‌ಸಿ ಪುಸ್ತಕದಲ್ಲಿ ದಾಖಲಿಸಿ ದೂರುದಾರರನ್ನು ಮ್ಯಾಜಿಸ್ಟ್ರೇಟರ ಕಡೆ ಕಳಿಸಬೇಕು. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆ ಮಾಡುವಂತಿಲ್ಲ. ಆರು ನೂರು ರೂಪಾಯಿಯ ಎಣ್ಣೆ, ತುಪ್ಪಕ್ಕೆ ಯಲಬುರ್ಗಾದ ವ್ಯಾಪಾರಿ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ (ಜೆಎಂಎಫ್‌ಸಿ) ಮುಂದೆ ಅರ್ಜಿ ಹಿಡಿದು ನಿಲ್ಲುತ್ತಾನೆಯೇ? ಇನ್ನೂ ಒಂದು ತೊಡಕಿದೆ. ಖಾಸಗಿ ವ್ಯಕ್ತಿ ಇನ್ನೊಬ್ಬರನ್ನು ಹಿಡಿದಿಡಬಹುದಾದ್ದು ತನ್ನ ಕಣ್ಣೆದುರು ಸಂಜ್ಞೇಯವೂ ಜಾಮೀನುರಹಿತವೂ ಆದ ಅಪರಾಧ ನಡೆದಾಗ, ಅಥವಾ ಆತ ಘೋಷಿತ ಅಪರಾಧಿಯಾಗಿದ್ದಾಗ ಮಾತ್ರ. ಆಗಲೂ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಕಳವು 303ರ ಸಣ್ಣ ಮೊತ್ತದ್ದಾದರೆ ಅಂಗಡಿಯವನಿಗೆ ಆಕೆಯನ್ನು ಸ್ಟೋರ್ ರೂಮಿನಲ್ಲಿ ಕೂರಿಸುವ ಹಕ್ಕಿಲ್ಲ, ಕೂರಿಸಿದರೆ ಅಕ್ರಮ ಬಂಧನದ ಆರೋಪ ಅವನ ಮೇಲೇ ತಿರುಗೀತು. 305 ಆದರೆ ಹಕ್ಕಿದೆ. ಕಲಂ ಯಾವುದೆಂದು ಕಂಡುಹಿಡಿಯುವವರೆಗೆ ಕೈ ಹಿಡಿಯಬೇಕೋ ಬಿಡಬೇಕೋ?

ಇಂಥ ಗೊಂದಲದಲ್ಲಿ ಅಧಿಕಾರವೆಲ್ಲ ಠಾಣೆಯ ಮೇಜಿಗೆ ಬಂದು ಬೀಳುತ್ತದೆ. ಗೊತ್ತಿರುವ ಮನೆಯವರಾದರೆ ಎನ್‌ಸಿ ಅಥವಾ “ಕೂತು ಮಾತಾಡ್ಕೊಳ್ರಿ”. ಪರ ಊರಿನವರಾದರೆ, ಅಲೆದಾಡುವ ಕಸುಬಿನವರಾದರೆ 305. ಕಾನೂನು ಇಬ್ಬರಿಗೂ ಜಾಗ ಮಾಡಿಕೊಟ್ಟಿದೆ. ಏಳು ವರ್ಷದವರೆಗಿನ ಅಪರಾಧಗಳಲ್ಲಿ ಬಂಧನ ಅನಿವಾರ್ಯವಲ್ಲ, ನೋಟಿಸು ಕೊಟ್ಟು ಕರೆಯಬಹುದು ಎಂದು ಅರ್ನೇಶ್ ಕುಮಾರ್ ಪ್ರಕರಣದ 2014ರ ತೀರ್ಪು ಸ್ಪಷ್ಟಪಡಿಸಿತ್ತು. ಆದರೆ ನೋಟಿಸು ಕೊಡಲು ವಿಳಾಸ ಬೇಕು. ಗುಳೆ ಹೋಗುವವರ, ಡೇರೆಯಲ್ಲಿ ಇರುವವರ ವಿಳಾಸವನ್ನು ನಂಬುವವರು ಕಡಿಮೆ. ಜಾಮೀನು ಸಿಕ್ಕರೂ ಜಾಮೀನುದಾರ ಪಹಣಿ ಹಿಡಿದು ಬರಬೇಕು, ಹೊಲವಿಲ್ಲದವರಿಗೆ ಹೊಲವಿದ್ದವರು ಜಾಮೀನು ನಿಲ್ಲುವುದು ಅಪರೂಪ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ಮೊದಲ ಸಲ ಸಿಕ್ಕವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗಿದ್ದರೆ ಬಿಡಬೇಕೆಂದು ಸುರಕ್ಷಾ ಸಂಹಿತೆಯ 479ನೇ ಕಲಂ ಹೇಳುತ್ತದೆ. 303ಕ್ಕೆ ಅದು ಒಂದು ವರ್ಷ. 305ಕ್ಕೆ ಎರಡು ವರ್ಷ ನಾಲ್ಕು ತಿಂಗಳು. ಒಂದು ಸೀರೆಗೆ.

ಕೊಪ್ಪಳದ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯದ ಹೆಸರನ್ನು ದೇಶ ಕೇಳಿದ್ದು 2024ರ ಅಕ್ಟೋಬರಿನಲ್ಲಿ, ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಮೇಲೆ 2014ರಲ್ಲಿ ನಡೆದ ದೌರ್ಜನ್ಯದ ಪ್ರಕರಣದಲ್ಲಿ ಅದು 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿದಾಗ. ಆ ತೀರ್ಪಿಗೆ ಹತ್ತು ವರ್ಷ ಹಿಡಿಯಿತು. ಸಣ್ಣ ಕಳವಿನ ಕೇಸುಗಳಿಗೆ ಪತ್ರಕರ್ತರು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಆದರೆ ಸಣ್ಣ ಕೇಸು ಬೇಗ ಮುಗಿಯುತ್ತದೆ ಎಂಬುದೇ ಅದರ ಅಪಾಯವೂ ಹೌದು.

ಇಪ್ಪತ್ತು ಸಾವಿರ ರೂಪಾಯಿ ಮೀರದ ಕಳವುಗಳನ್ನು, 303 ಇರಲಿ 305 ಇರಲಿ, ಈಗ ಸಂಕ್ಷಿಪ್ತ ವಿಚಾರಣೆಯಲ್ಲಿ ಮುಗಿಸಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಈ ಮಿತಿ ಎರಡು ಸಾವಿರವಿತ್ತು. ಬೇಗ ಮುಗಿಯಲಿ ಎಂಬುದು ಎಲ್ಲರ ಆಸೆ. ಸರ್ಕಾರದ ಪರ ವಾದಿಸುವ ಎಪಿಪಿಗೆ ಒಂದು ಕಡತ ಕಡಿಮೆ, ನ್ಯಾಯಾಲಯಕ್ಕೆ ಒಂದು ವಿಲೇವಾರಿ, ಆರೋಪಿಗೆ ತಾರೀಖಿನ ಕಾಟ ತಪ್ಪುತ್ತದೆ. ಕಾರಿಡಾರಿನಲ್ಲಿ ಕೇಳಿಬರುವ ಸಲಹೆಯೂ ಅದೇ: “ತಪ್ಪು ಒಪ್ಕೊಂಡು ದಂಡ ಕಟ್ಟಿ ಹೋಗಿಬಿಡು, ಎಷ್ಟು ದಿನಾ ಅಂತ ಅಡ್ಡಾಡ್ತೀ.” ಹಳೆಯ ಕಾನೂನಿನಲ್ಲಿ ಈ ಸಲಹೆ ಅಷ್ಟೇನೂ ಕೆಟ್ಟದ್ದಾಗಿರಲಿಲ್ಲ. ಹೊಸ ಕಾನೂನಿನಲ್ಲಿ ಇದು ಬಲೆ. 303ರಲ್ಲಿ ಎರಡನೇ ಸಲ ಶಿಕ್ಷೆಯಾದರೆ ಕನಿಷ್ಠ ಒಂದು ವರ್ಷ, ಗರಿಷ್ಠ ಐದು ವರ್ಷ ಕಠಿಣ ಜೈಲು. ಒಂದು ವರ್ಷಕ್ಕಿಂತ ಕಡಿಮೆ ಮಾಡುವ ದಾರಿ ಆ ಕಲಮಿನಲ್ಲಿ ಇಲ್ಲ. ಇಂದು ಸಾವಿರ ರೂಪಾಯಿ ದಂಡ ಕಟ್ಟಿ ಬಸ್ಸು ಹಿಡಿದವಳು ನಾಲ್ಕು ವರ್ಷದ ನಂತರ ಒಂದು ಶಾಂಪೂ ಬಾಟಲಿಗೆ ವರ್ಷವಿಡೀ ಒಳಗಿರಬೇಕಾದೀತು. ಕರುಣೆಗೆ ಹೆಸರಾದ ಕಲಮಿನೊಳಗೇ ಈ ಕಾಠಿಣ್ಯವೂ ಕೂತಿದೆ. ತಪ್ಪೊಪ್ಪಿಕೊಳ್ಳುವ ಮುನ್ನ ಇದನ್ನು ಅವಳಿಗೆ ಅವಳ ಮಾತಿನಲ್ಲಿ ಹೇಳುವವರು ಬೇಕು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಅಡಿಯ ಕಾನೂನು ನೆರವು ಅಭಿರಕ್ಷಕರು ಇರುವುದು ಇದಕ್ಕೇ. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ, ಬಂಧನದಲ್ಲಿರುವವರಿಗೆ ಉಚಿತ ವಕೀಲರನ್ನು ಪಡೆಯುವ ಹಕ್ಕು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲೇ ಇದೆ. ಅದು ಸಿಗಬೇಕಾದ್ದು ಮೊದಲ ದಿನ, ತೀರ್ಪಿನ ದಿನವಲ್ಲ.

ಕದಿಯುವುದನ್ನೇ ಕಸುಬು ಮಾಡಿಕೊಂಡ ತಂಡಗಳಿಲ್ಲವೇ ಎಂದು ಕೇಳಬಹುದು. ಇವೆ. 2024ರಲ್ಲಿ ಬೆಂಗಳೂರಿನ ಜೆ.ಪಿ. ನಗರ ಪೊಲೀಸರು ಬೆಲೆಬಾಳುವ ರೇಷ್ಮೆ ಸೀರೆಗಳನ್ನೇ ಗುರಿ ಮಾಡಿದ್ದ ಆಂಧ್ರದ ತಂಡವೊಂದನ್ನು ಹಿಡಿದಿದ್ದರು. ಒಬ್ಬರು ಮಾತಿಗೆಳೆದು, ಇನ್ನೊಬ್ಬರು ಮರೆಮಾಡಿ, ಮೂರನೆಯವರು ಸೀರೆ ಅಡಗಿಸುವ ಕೆಲಸಕ್ಕೂ ತುಪ್ಪದ ಪ್ಯಾಕೆಟ್ ಎತ್ತಿಕೊಂಡ ಗೃಹಿಣಿಗೂ ವ್ಯತ್ಯಾಸವಿದೆ. 305ರ ಏಳು ವರ್ಷ ಇರಬೇಕಾದ್ದು ಮೊದಲನೆಯವರಿಗೆ. ಕಷ್ಟವೇನೆಂದರೆ ‘ಕಸುಬಿನ ಕಳ್ಳರು’ ಎಂಬ ಹಣೆಪಟ್ಟಿ ಈ ನಾಡಿನಲ್ಲಿ ಕೃತ್ಯಕ್ಕಿಂತ ಮೊದಲು ಜಾತಿಗೆ ಅಂಟಿಕೊಂಡು ಬಂದಿದೆ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟುಗಳ್ಳರೆಂದು ಪಟ್ಟಿ ಮಾಡಿತು. ಮುಂಬಯಿ ಸರ್ಕಾರದ ಕೈಕೆಳಗಿದ್ದ ಗದಗ, ಹುಬ್ಬಳ್ಳಿಯಲ್ಲಿ ಅವರನ್ನು ಕೂಡಿಹಾಕಿದ ಜಾಗಗಳನ್ನು ಜನ ಇಂದಿಗೂ ‘ಸೆಟ್ಲಮೆಂಟ್’ ಎಂದೇ ಕರೆಯುತ್ತಾರೆ. ಆಗ ಕೊಪ್ಪಳ, ಯಲಬುರ್ಗಾ ನಿಜಾಮರ ಹೈದರಾಬಾದಿನಲ್ಲಿ ಸಾಲಾರ್ ಜಂಗ್ ಜಹಗೀರಿಗೆ ಸೇರಿದ್ದವು. ಗಡಿ ಆಚೆಯಿದ್ದರೂ ಅಲೆಮಾರಿಗಳ ದಾರಿ ಎರಡೂ ಕಡೆ ಹಾಯುತ್ತಿತ್ತು. 1952ರಲ್ಲಿ ಆ ಕಾಯ್ದೆ ಹೋಯಿತು, 1961ರಲ್ಲಿ ಕರ್ನಾಟಕದ ರೂಢಿಗತ ಅಪರಾಧಿಗಳ ಕಾಯ್ದೆ ಬಂತು. ಠಾಣೆಗಳಲ್ಲಿ ಹಳೆಯ ಅಪರಾಧಿಗಳೆಂದು ಗುರುತಿಸಿದ ‘ಎಂಓಬಿ ಆಸಾಮಿ’ಗಳ ಪಟ್ಟಿ ಉಳಿಯಿತು. ಜಾತ್ರೆ ಬಂದರೆ ಹಳೆಯ ಪಟ್ಟಿ ಹೊರಬರುತ್ತದೆ. ಪಟ್ಟಿಯಲ್ಲಿರುವವರನ್ನೇ ಮೊದಲು ಹಿಡಿದರೆ ಪಟ್ಟಿಯಲ್ಲಿರುವವರೇ ಕಳ್ಳರೆಂದು ಕಡತಗಳು ಸಾಬೀತು ಮಾಡುತ್ತವೆ. ಅಪರಾಧಿಗಳ ‘ಪ್ರವೃತ್ತಿ’ಯನ್ನು ನ್ಯಾಯಾಲಯದ ಅಂಕಿಯಿಂದ ಓದುವವರು ಈ ಸುತ್ತು ಮರೆಯಬಾರದು. ಅಧಿಸೂಚನೆಯಿಂದ ಕೈಬಿಟ್ಟ ಬುಡಕಟ್ಟುಗಳ ಜನರನ್ನು ಮನಬಂದಂತೆ ಬಂಧಿಸಬಾರದೆಂದು ಸುಪ್ರೀಂ ಕೋರ್ಟ್ ಸುಕನ್ಯಾ ಶಾಂತಾ ಪ್ರಕರಣದಲ್ಲಿ 2024ರ ಅಕ್ಟೋಬರಿನಲ್ಲಿ ಮತ್ತೆ ಹೇಳಬೇಕಾಯಿತು.

ಮಕ್ಕಳ ವಿಷಯದಲ್ಲಂತೂ ನಾವು ತೋರುವ ಅಸಡ್ಡೆ ನೇರವಾಗಿ ಅಪರಾಧ. ಹದಿನೆಂಟು ತುಂಬದ ಹುಡುಗ ಚಾಕೊಲೇಟು ಕದ್ದ ಎಂದು ಫೋಟೊ ಹರಿಬಿಡುವ ಅಂಗಡಿಯವರು ಬಾಲನ್ಯಾಯ ಕಾಯ್ದೆಯ 74ನೇ ಕಲಂ ಓದಿರುವುದಿಲ್ಲ. ಕಾನೂನಿನೊಡನೆ ಸಂಘರ್ಷಕ್ಕಿಳಿದ ಮಗುವಿನ ಗುರುತು ಬಯಲು ಮಾಡಿದರೆ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಹುಡುಗನ ಚಾಕೊಲೇಟಿಗಿಂತ ಇದು ಎಷ್ಟೋ ತುಟ್ಟಿ.

ಬೇರೆ ದೇಶಗಳ ಅನುಭವ ನಮ್ಮಲ್ಲಿ ಸುಲಭವಾಗಿ ತಪ್ಪು ಅರ್ಥಕ್ಕೆ ಬಳಕೆಯಾಗುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್ 2014ರಲ್ಲಿ 200 ಪೌಂಡ್ ಮೀರದ ಅಂಗಡಿ ಕಳವನ್ನು ಸಂಕ್ಷಿಪ್ತ ವಿಚಾರಣೆಗೆ ತಳ್ಳಿತು. ಕಳವು ಅಪರಾಧವಾಗಿಯೇ ಉಳಿದರೂ ಪೊಲೀಸರು ಬರುವುದಿಲ್ಲ ಎಂಬ ಭಾವನೆ ಅಂಗಡಿಯವರಲ್ಲೂ ಕಳ್ಳರಲ್ಲೂ ಬೆಳೆಯಿತು. 2025ರ ಮಾರ್ಚಿಗೆ ಕೊನೆಗೊಂಡ ವರ್ಷದಲ್ಲಿ ಅಲ್ಲಿ ದಾಖಲಾದ ಅಂಗಡಿ ಕಳವುಗಳು ಸುಮಾರು 5.3 ಲಕ್ಷ. ಆ ಮಿತಿಯನ್ನೇ ಕೈಬಿಡುವ ಮಸೂದೆಯನ್ನು ಸರ್ಕಾರ ತಂದಿತು. ಕ್ಯಾಲಿಫೋರ್ನಿಯಾ 2014ರಲ್ಲಿ 950 ಡಾಲರಿನ ಮಿತಿ ಇಟ್ಟು, 2024ರಲ್ಲಿ ಮತದಾರರ ತೀರ್ಪಿನಂತೆ ಮತ್ತೆ ಬಿಗಿ ಮಾಡಿತು. ಇದರಿಂದ ‘ಮೃದು ಕಾನೂನು ಕಳ್ಳರನ್ನು ಹೆಚ್ಚಿಸುತ್ತದೆ’ ಎಂಬ ನೀತಿ ತೆಗೆಯುವವರಿದ್ದಾರೆ. ನನಗೆ ಕಾಣುವುದು ಬೇರೆ. ಅಲ್ಲಿ ಸೋಲಿಸಿದ್ದು ಮೃದು ಶಿಕ್ಷೆಯಲ್ಲ, ಯಾರೂ ಗಮನಿಸುವುದಿಲ್ಲ ಎಂಬ ಖಾತರಿ. ಸಣ್ಣ ಕಳವಿಗೆ ಸಣ್ಣ ಶಿಕ್ಷೆ ಇರಲಿ, ಆದರೆ ಅದು ತಪ್ಪದೆ ಆಗಲಿ. ನಮ್ಮ 303 ಶಿಕ್ಷೆಯನ್ನು ಸಣ್ಣದು ಮಾಡಿ, ಜತೆಗೇ ಅಸಂಜ್ಞೇಯವೆಂದು ಬರೆದು, ತಪ್ಪಿಸಿಕೊಳ್ಳುವ ಕಿಂಡಿಯನ್ನೂ ತೆರೆದಿಟ್ಟಿತು. ಶಿಕ್ಷೆ ಕಡಿಮೆ ಮಾಡಿದ್ದು ಸರಿ, ತನಿಖೆ ಕೈಬಿಟ್ಟದ್ದು ತಪ್ಪು.

ಸಂಸತ್ತು 305ಕ್ಕೂ ಐದು ಸಾವಿರದ ವಿನಾಯಿತಿ ಸೇರಿಸಬೇಕು, ಸಣ್ಣ ಕಳವನ್ನು ಸಂಜ್ಞೇಯವಾಗಿಯೇ ಉಳಿಸಿ ಜಾಮೀನು ಕೊಡುವಂಥದ್ದು ಮಾಡಬೇಕು. ಅದು ಆಗುವವರೆಗೆ ಕುಷ್ಟಗಿಯ ಜೆಎಂಎಫ್‌ಸಿಯೂ ಮಾಡಬಹುದಾದ ಕೆಲಸವೊಂದಿದೆ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ ಮೂರನೇ ಕಲಂ ಮೊದಲ ಸಲ ತಪ್ಪು ಮಾಡಿದವರನ್ನು ಎಚ್ಚರಿಕೆ ಹೇಳಿ ಬಿಡುವ ಅಧಿಕಾರ ಕೊಡುತ್ತದೆ. ಅದರಲ್ಲಿ ಹಳೆಯ 379 ಮಾತ್ರವಲ್ಲ, 380, 381 ಕೂಡ ಹೆಸರು ಹೇಳಿಯೇ ಸೇರಿವೆ. ಹಳೆಯ ಕಲಂ ಬದಲಾದರೆ ಹೊಸದನ್ನೇ ಓದಿಕೊಳ್ಳಬೇಕೆಂಬ ಸಾಮಾನ್ಯ ಖಂಡಗಳ ಕಾಯ್ದೆಯ ನಿಯಮದಂತೆ ಅದು 305ಕ್ಕೂ ಸಲ್ಲುತ್ತದೆ. ಹೀಗೆ ಬಿಡುಗಡೆಯಾದವರಿಗೆ ಶಿಕ್ಷೆಯ ಕಾರಣದ ಅನರ್ಹತೆ ಅಂಟುವುದಿಲ್ಲವೆಂದು 12ನೇ ಕಲಂ ಹೇಳುತ್ತದೆ. ಇಷ್ಟು ಹಳೆಯ, ಇಷ್ಟು ಉದಾರವಾದ ಕಾಯ್ದೆ ಕಪಾಟಿನಲ್ಲಿದೆ. ವಕೀಲರು ಕೇಳಬೇಕು ಅಷ್ಟೆ.

ಸಮುದಾಯ ಸೇವೆಯ ಶಿಕ್ಷೆ ಬಂದಾಗ ಮಾತ್ರ ಹೊಸ ಕೆಲಸವಿದೆ. ಸಂಹಿತೆ ಎಷ್ಟು ಗಂಟೆ, ಎಲ್ಲಿ, ಯಾರ ನಿಗಾದಲ್ಲಿ ಎಂದು ಹೇಳಿಲ್ಲ. ಸಮುದಾಯಕ್ಕೆ ಉಪಯೋಗವಾಗುವ, ಸಂಬಳವಿಲ್ಲದ ಕೆಲಸ ಎಂದಷ್ಟೇ ಹೇಳಿ ಕೈಬಿಟ್ಟಿದೆ. ಇಲ್ಲಿ ನಮ್ಮ ಕೊಪ್ಪಳ ಜಿಲ್ಲೆಗೆ ಒಂದು ಅನುಕೂಲ, ಒಂದು ಅಪಾಯ ಎರಡೂ ಇವೆ. ಕೂಡಿ ದುಡಿಯುವುದು ಇಲ್ಲಿ ಅವಮಾನದ ಕೆಲಸವಲ್ಲ. 2019ರಲ್ಲಿ ಗವಿಮಠದ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಹಿರೇಹಳ್ಳ ಸ್ವಚ್ಛ ಮಾಡಲು ಇಳಿದವರಲ್ಲಿ ಉಳ್ಳವರೂ ಇಲ್ಲದವರೂ ಇದ್ದರು. ಅಪಾಯವೆಂದರೆ, ಸೇವೆ ಎಂದ ಕೂಡಲೇ ನಮ್ಮ ಬಾಯಿಗೆ ಮೊದಲು ಬರುವುದು ಕಸ ಗುಡಿಸುವುದು, ಶೌಚಾಲಯ ತೊಳೆಯುವುದು. ದಲಿತ ಹೆಣ್ಣುಮಗಳಿಗೆ ಪೊರಕೆ, ಮೇಲ್ಜಾತಿಯ ಹುಡುಗನಿಗೆ ಗ್ರಂಥಾಲಯದ ಪುಸ್ತಕ ಜೋಡಿಸುವ ಕೆಲಸ ಎಂದಾದರೆ ಅದು ಶಿಕ್ಷೆಯ ವೇಷ ತೊಟ್ಟ ಹಳೆಯ ವ್ಯವಸ್ಥೆಯೇ. ಪುಟ್ಟ ಮಗು ದೇವಸ್ಥಾನದೊಳಗೆ ಓಡಿದ್ದಕ್ಕೆ 2021ರಲ್ಲಿ ದಲಿತ ಕುಟುಂಬಕ್ಕೆ ದಂಡ ಹಾಕಿದ್ದ ಮಿಯಾಪುರ ಇರುವುದು ಕುಷ್ಟಗಿ ತಾಲ್ಲೂಕಿನಲ್ಲೇ. ಜೈಲಿನೊಳಗೆ ಜಾತಿ ನೋಡಿ ಕೆಲಸ ಹಂಚುವುದನ್ನು ಸುಕನ್ಯಾ ಶಾಂತಾ ತೀರ್ಪು ತಡೆದಿದೆ. ಜೈಲಿನ ಹೊರಗೆ ಕೊಡುವ ಕೆಲಸಕ್ಕೂ ಅದೇ ಅಳತೆ ಬೇಕು. ಜಿಲ್ಲಾ ನ್ಯಾಯಾಧೀಶರು, ಜಿಲ್ಲಾಡಳಿತ, ಕಾನೂನು ಸೇವಾ ಪ್ರಾಧಿಕಾರ ಕೂತು ತಾಲ್ಲೂಕುವಾರು ಕೆಲಸಗಳ ಪಟ್ಟಿ ಮಾಡಲಿ: ಶಾಲೆಯ ಬಿಸಿಯೂಟದ ಕೋಣೆಗೆ ನೀರು, ಅರಣ್ಯ ಇಲಾಖೆಯ ಸಸಿಮಡಿ, ಆಸ್ಪತ್ರೆಯ ಚೀಟಿ ಸಾಲು, ಗ್ರಂಥಾಲಯ. ಯಾರಿಗೆ ಯಾವ ಕೆಲಸ ಬರುತ್ತದೆಂಬುದು ಪಟ್ಟಿಯ ಸರದಿಯಿಂದ ತೀರ್ಮಾನವಾಗಲಿ, ಹೆಸರು ಓದಿದ ಮೇಲೆ ಅಲ್ಲ. ಎಷ್ಟು ಗಂಟೆ ದುಡಿದರು, ಯಾರು ಸಹಿ ಹಾಕಿದರು ಎಂಬ ಹಾಳೆ ಕಡತಕ್ಕೆ ಸೇರಲಿ. ಆ ಹಾಳೆಗಳು ನಾಲ್ಕೂ ಊರುಗಳ ನ್ಯಾಯಾಲಯಗಳಿಂದ ಬರತೊಡಗಿದರೆ, ಅಂಗಡಿಯಿಂದ ಕದ್ದವರು ಯಾರು, ಏನು ಕದ್ದರು, ಮತ್ತೆ ಕದ್ದರೋ ಇಲ್ಲವೋ ಎಂಬುದಕ್ಕೆ ಈ ಜಿಲ್ಲೆಯಲ್ಲಿ ಮೊದಲ ಬಾರಿಗೆ ಒಂದು ಲೆಕ್ಕ ಸಿಕ್ಕೀತು.